ಮೊದಲು ಕೂರಿಸಬೇಕು, ಆಮೇಲೆ ಹಿಡಿಯಬೇಕು

ಹೊರನಾಡ ಕನ್ನಡಿಗರ ಬದುಕನ್ನು ಕುರಿತು ಬರೆಯಹೊರಟಾಗ ನಮ್ಮ ಲೇಖನಿ ಸವೆದ ಹಾದಿಗಳಲ್ಲಿಯೇ ನಡೆಯುತ್ತದೆ. ಮುಂಬಯಿಯ ಉಡುಪಿ ಹೋಟೆಲು, ರಾತ್ರಿಶಾಲೆ, ಬ್ಯಾಂಕಿನ ನೌಕರಿ, ಕನ್ನಡ ಸಂಘದ ವಾರ್ಷಿಕೋತ್ಸವ ಇವೆಲ್ಲ ನಮ್ಮ ಬರಹಗಳಲ್ಲಿ ಸಾಕಷ್ಟು ಬಂದಿವೆ. ಪುಣೆಯ ಭೋಸರಿ, ಚಾಕಣಗಳಲ್ಲಿ, ಚೆನ್ನೈನ ಅಂಬತ್ತೂರಿನಲ್ಲಿ, ಹೈದರಾಬಾದಿನ ಬಾಲಾನಗರದಲ್ಲಿ ಲೇತು, ಡ್ರಿಲ್ಲುಗಳ ಮುಂದೆ ಎಂಟು ಗಂಟೆ ನಿಲ್ಲುವ ಕನ್ನಡಿಗರೂ ಇದ್ದಾರೆ. ಅವರ ಬಗ್ಗೆ ಬರೆದಾಗಲೂ ನಾವು ಅವರ ಊರಿನ ನೆನಪನ್ನು ಬರೆಯುತ್ತೇವೆ, ಬಾಡಿಗೆ ಖೋಲಿಯನ್ನು ಬರೆಯುತ್ತೇವೆ. ಕೈಯಲ್ಲಿರುವ ಕೆಲಸವನ್ನು ಬರೆಯುವುದಿಲ್ಲ. ಕೆಲಸದ ಒಳಗೆ ವಿಚಾರವಿಲ್ಲ ಎಂದು ನಾವು ಒಳಗೊಳಗೇ ನಂಬಿರುವಂತಿದೆ. ಆದ್ದರಿಂದ ಈ ಸಲ ಕೆಲಸದ ಒಳಗಿನದೇ ಒಂದು ಸಣ್ಣ ವಸ್ತುವನ್ನು ಎತ್ತಿಕೊಂಡಿದ್ದೇವೆ. ಅದರ ಹೆಸರು ಕ್ಲ್ಯಾಂಪ್.

ಒಂದೇ ಬಗೆಯ ನಾನೂರು ಬಿಡಿಭಾಗಗಳಿಗೆ ಒಂದೇ ಜಾಗದಲ್ಲಿ ತೂತು ಕೊರೆಯಬೇಕಾದಾಗ ಪ್ರತಿಯೊಂದಕ್ಕೂ ಅಳೆದು ಗುರುತು ಹಾಕುತ್ತ ಕೂರಲಾಗದು. ಬಿಡಿಭಾಗವನ್ನು, ಅಂದರೆ ಕಾರ್ಖಾನೆಯ ಮಾತಿನಲ್ಲಿ 'ಜಾಬ್' ಅನ್ನು, ಪ್ರತಿಸಲವೂ ಅದೇ ತಾವಿನಲ್ಲಿ ನಿಲ್ಲಿಸುವ ಚೌಕಟ್ಟೊಂದನ್ನು ಮಾಡಿಕೊಳ್ಳುತ್ತಾರೆ. ಆ ಚೌಕಟ್ಟಿನಲ್ಲಿ ಡ್ರಿಲ್ಲಿಗೆ ದಾರಿ ತೋರುವ ಬುಶ್ ಇದ್ದರೆ ಅದು ಜಿಗ್. ಬರಿದೆ ಹಿಡಿದುಕೊಂಡರೆ ಫಿಕ್ಸ್ಚರ್. ಇದು ಪುಸ್ತಕದ ಭೇದ. ಶಾಪಿನ ನೆಲದ ಮೇಲೆ ಎರಡನ್ನೂ ಜಿಗ್ ಎಂದೇ ಕರೆಯುವುದರಿಂದ ನಾವೂ ಹಾಗೆಯೇ ಕರೆಯುತ್ತೇವೆ. ಆ ಜಿಗ್‌ನಲ್ಲಿ ಜಾಬ್ ಅಲುಗದಂತೆ ಒತ್ತಿ ಹಿಡಿಯುವುದು ಕ್ಲ್ಯಾಂಪು.

ನಮ್ಮ ವಾದವನ್ನು ಮೊದಲೇ ಹೇಳಿಬಿಡುತ್ತೇವೆ. ನಮ್ಮ ಸಣ್ಣ ಕಾರ್ಖಾನೆಗಳಲ್ಲಿ ಕ್ಲ್ಯಾಂಪನ್ನು ಆರಿಸುವಾಗ ಕೇಳುವ ಪ್ರಶ್ನೆಯೇ ತಪ್ಪು. 'ಎಷ್ಟು ಗಟ್ಟಿ?' ಎಂದು ಕೇಳುತ್ತಾರೆ. ಕೇಳಬೇಕಾದದ್ದು 'ಯಾವುದರ ವಿರುದ್ಧ?' ಎಂದು, 'ಯಾರ ಕೈಯಲ್ಲಿ?' ಎಂದು. ಈ ಎರಡನ್ನು ಕೇಳದೆ ಕೊಂಡ ಕ್ಲ್ಯಾಂಪಿನ ಬೆಲೆಯನ್ನು ಕೊನೆಗೆ ತೆರುವವನು ಯಂತ್ರದ ಮುಂದೆ ನಿಂತವನು. ಒಮ್ಮೊಮ್ಮೆ ತಿರಸ್ಕೃತ ಜಾಬಿನ ಲೆಕ್ಕದಲ್ಲಿ ತೆರುತ್ತಾನೆ, ಒಮ್ಮೊಮ್ಮೆ ಬೆರಳಿನ ಲೆಕ್ಕದಲ್ಲಿ.

ಕನ್ನಡದಲ್ಲಿ ಕೂರಿಸುವುದು ಬೇರೆ, ಹಿಡಿಯುವುದು ಬೇರೆ. ಭೋಸರಿಯ ಕಡೆ ಕೆಲಸ ಮಾಡುವ ಉತ್ತರ ಕರ್ನಾಟಕದ ಹಿರಿಯ ಫಿಟ್ಟರೊಬ್ಬರು ನಮ್ಮ ಬಳಗದ ಎಳೆಯರಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಿದ್ದರು: "ಮದ್ಲ ಜಾಬ್ ಛಲೋತ್ನ್ಯಾಗ ಕುಂದ್ರಸ್ರಿ, ಆಮ್ಯಾಲ ಹಿಡೀರಿ. ಕುಂದ್ರಲಾರದ್ದನ್ನ ಹಿಚುಕಿ ಹಿಡದ್ರ ಅದು ನಿಮ್ಮ ಮಾತು ಕೇಳೂದಿಲ್ರೀ." ಜಿಗ್ ವಿನ್ಯಾಸದ ಪಠ್ಯಗಳೆಲ್ಲ ಅನೇಕ ಪುಟಗಳಲ್ಲಿ ಹೇಳುವುದು ಇದನ್ನೇ. ಇಟ್ಟಿಗೆಯಾಕಾರದ ಒಂದು ಜಾಬ್ ಮೂರು ದಿಕ್ಕುಗಳಲ್ಲಿ ಸರಿಯಬಲ್ಲುದು, ಮೂರು ಅಕ್ಷಗಳ ಸುತ್ತ ತಿರುಗಬಲ್ಲುದು. ಒಟ್ಟು ಆರು ಬಗೆಯ ಚಲನೆ. ಅದನ್ನು ನೆಲೆಗೊಳಿಸಲು ಆರು ಬಿಂದುಗಳು ಸಾಕು: ಕೆಳಗೆ ಮೂರು, ಉದ್ದನೆಯ ಪಕ್ಕಕ್ಕೆ ಎರಡು, ತುದಿಗೆ ಒಂದು. ಕೆಳಗೆ ಮೂರೇ ಏಕೆ ಎಂದು ನಮ್ಮ ಅಜ್ಜಿಯರನ್ನು ಕೇಳಿದ್ದರೆ ಹೇಳುತ್ತಿದ್ದರು. ಮೂರು ಕಲ್ಲಿನ ಒಲೆಯ ಮೇಲೆ ಪಾತ್ರೆ ಕುಲುಕುವುದಿಲ್ಲ, ನಾಲ್ಕನೆಯ ಕಲ್ಲಿಟ್ಟರೆ ಕುಲುಕುತ್ತದೆ.

ಈ ಆರು ಬಿಂದುಗಳೇ ಜಾಬ್ ಕೂರುವ ಪೀಠ. ಕ್ಲ್ಯಾಂಪಿನ ಕೆಲಸವಿಷ್ಟೇ: ಜಾಬನ್ನು ಆ ಬಿಂದುಗಳಿಗೆ ಅಂಟಿಕೊಂಡಂತೆ ಇರಿಸುವುದು. ಯಂತ್ರದ ಕತ್ತರಿಸುವ ಬಲವನ್ನು ಹೊರಬೇಕಾದದ್ದು ಪೀಠ, ಕ್ಲ್ಯಾಂಪಲ್ಲ. ಬಲ ಯಾವ ಕಡೆಗೆ ತಳ್ಳುತ್ತದೆಯೋ ಆ ಕಡೆಯಲ್ಲಿ ಗಟ್ಟಿಯಾದ ಸ್ಟಾಪರ್ ಇದ್ದರೆ ಕ್ಲ್ಯಾಂಪು ಹಗುರಾಗಿದ್ದರೂ ನಡೆದೀತು. ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸಣ್ಣ ಲೆಕ್ಕವೊಂದು ಸಾಕು. ಮಿಲ್ಲಿಂಗ್ ಕಟ್ಟರ್ ಜಾಬನ್ನು ಪಕ್ಕಕ್ಕೆ 200 ಕಿಲೋ ಬಲದಿಂದ ತಳ್ಳುತ್ತಿದೆ ಎನ್ನೋಣ. ಒಣ ಉಕ್ಕಿನ ಮೇಲೆ ಉಕ್ಕಿನ ಘರ್ಷಣೆಯ ಗುಣಾಂಕ ಸುಮಾರು 0.2. ತಳದ ಒಂದೇ ಮುಖದ ಘರ್ಷಣೆಯನ್ನು ಲೆಕ್ಕಕ್ಕೆ ಹಿಡಿದರೆ, ಜಾಬ್ ಸರಿಯದಂತೆ ತಡೆಯಲು ಮೇಲಿನಿಂದ 1000 ಕಿಲೋ ಒತ್ತಬೇಕು. ಕೂಲಂಟು, ಎಣ್ಣೆ ಬಿದ್ದ ಮೇಲೆ ಇನ್ನೂ ಹೆಚ್ಚು. ಅದೇ ಜಾಗದಲ್ಲಿ ಒಂದು ಗಟ್ಟಿ ಪಿನ್ನು ನಿಂತಿದ್ದರೆ ಈ ಲೆಕ್ಕವೇ ಬೇಡ. ಪಿನ್ನಿನ ಬೆಲೆ ಕ್ಲ್ಯಾಂಪಿನ ಬೆಲೆಗಿಂತ ಎಷ್ಟೋ ಕಡಿಮೆ. ಆದರೂ ಪಿನ್ನನ್ನು ಮರೆತು ದೊಡ್ಡ ಕ್ಲ್ಯಾಂಪನ್ನು ತರಿಸುವ ಶಾಪುಗಳನ್ನು ನಾವು ಬೇಕಾದಷ್ಟು ನೋಡಿದ್ದೇವೆ.

ಹೆಚ್ಚು ಒತ್ತಿದರೆ ನಷ್ಟವೇನು ಎಂದು ಕೇಳುವವರಿದ್ದಾರೆ. ನಷ್ಟ ಅಲ್ಲಿಯೇ ಇದೆ. ಲೋಹ ನಾವು ನಂಬಿದಷ್ಟು ಗಟ್ಟಿಯಲ್ಲ. ತೆಳುಗೋಡೆಯ ಬಳೆಯೊಂದನ್ನು ಮೂರು ದವಡೆಯ ಚಕ್ಕಿನಲ್ಲಿ ಬಿಗಿದು ಒಳಗೆ ಬೋರು ಮಾಡಿ ನೋಡಿ. ಬಿಗಿದಿರುವಷ್ಟು ಹೊತ್ತೂ ಬೋರು ಅಪ್ಪಟ ದುಂಡು. ದವಡೆ ಸಡಿಲಿಸಿದೊಡನೆ ಬಳೆ ತನ್ನ ಮೊದಲಿನ ಆಕಾರಕ್ಕೆ ಮರಳುತ್ತದೆ, ಬೋರು ಮೂರು ಉಬ್ಬಿನದಾಗುತ್ತದೆ. ಇದರಲ್ಲೊಂದು ಕುಚೋದ್ಯವೂ ಅಡಗಿದೆ. ಮೂರು ಉಬ್ಬಿನ ಬೋರನ್ನು ಎರಡು ಬಿಂದುಗಳ ನಡುವೆ ಅಳೆಯುವ ಸಾಧನದಿಂದ ಯಾವ ದಿಕ್ಕಿಗೆ ಅಳೆದರೂ ಹೆಚ್ಚುಕಡಿಮೆ ಒಂದೇ ಅಳತೆ ಬರಬಹುದು, ಏಕೆಂದರೆ ಒಂದು ಕಡೆಯ ಉಬ್ಬಿಗೆ ಎದುರಾಗಿ ಇನ್ನೊಂದು ಕಡೆಯ ತಗ್ಗು ಸಿಗುತ್ತದೆ. ಯಂತ್ರದವನು ಅಳೆದು ಸರಿಯೆಂದು ಕಳಿಸಿದ ಜಾಬ್ ತಪಾಸಣೆಯ ಕೋಣೆಯಿಂದ ತಿರಸ್ಕೃತವಾಗಿ ಮರಳುತ್ತದೆ. 'ಸರಿಯಾಗಿ ಅಳೆಯಲು ಬರುವುದಿಲ್ಲವೇ?' ಎಂಬ ಮಾತನ್ನು ಅವನು ಕೇಳಬೇಕಾಗುತ್ತದೆ. ತಪ್ಪು ಅಳತೆಯದಲ್ಲ, ಹಿಡಿತದ್ದು. ಅಂಥ ಬಳೆಯನ್ನು ಸುತ್ತಲಿಂದ ಹಿಚುಕದೆ ಮುಖದ ಮೇಲಿಂದ, ಅಕ್ಷದ ದಿಕ್ಕಿನಲ್ಲಿ ಒತ್ತಿ ಹಿಡಿದರೆ, ಅಥವಾ ಬಳೆಯ ಮೈಗೆ ಒಪ್ಪುವಂತೆ ಕೊರೆದ ಮೆದು ದವಡೆಗಳನ್ನು ಬಳಸಿದರೆ ತೊಂದರೆ ಬಹುಪಾಲು ತಪ್ಪುತ್ತದೆ.

ಚಪ್ಪಟೆಯ ಜಾಬಿನಲ್ಲೂ ಇದೇ ಕಥೆ. ಕ್ಲ್ಯಾಂಪು ಒತ್ತುವ ಜಾಗದ ನೇರ ಕೆಳಗೆ ಆಧಾರವಿರಬೇಕು. ಎರಡು ಆಧಾರಗಳ ನಡುವಿನ ಖಾಲಿ ಜಾಗದಲ್ಲಿ ಒತ್ತಿದರೆ ಜಾಬ್ ಬಾಗುತ್ತದೆ, ಬಾಗಿದ ಸ್ಥಿತಿಯಲ್ಲಿಯೇ ತೂತು ನೆಟ್ಟಗೆ ಕೊರೆಯಲ್ಪಡುತ್ತದೆ, ಬಿಟ್ಟಮೇಲೆ ಜಾಬ್ ನೆಟ್ಟಗಾಗಿ ತೂತು ಓರೆಯಾಗುತ್ತದೆ.

ಇನ್ನು ಕ್ಲ್ಯಾಂಪಿನ ಜಾತಿಗಳ ಮಾತು. ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಹೆಚ್ಚು ಅಪಮಾನಕ್ಕೊಳಗಾದದ್ದು, ಪಟ್ಟಿ ಕ್ಲ್ಯಾಂಪು. ಒಂದು ತುದಿ ಜಾಬಿನ ಮೇಲೆ, ಇನ್ನೊಂದು ತುದಿ ಹಿಮ್ಮಡಿಯ ಬ್ಲಾಕಿನ ಮೇಲೆ, ನಡುವೆ ಬೋಲ್ಟು. ಇದು ಸನ್ನೆಗೋಲಿನ ಲೆಕ್ಕ. ಬೋಲ್ಟು ನಟ್ಟನಡುವೆ ಇದ್ದರೆ ಅದರ ಬಲದ ಅರ್ಧ ಮಾತ್ರ ಜಾಬಿಗೆ, ಉಳಿದರ್ಧ ಹಿಮ್ಮಡಿಗೆ ಹೋಗುತ್ತದೆ. ಬೋಲ್ಟನ್ನು ಜಾಬಿನ ಕಡೆಗೆ ಸರಿಸಿ, ಜಾಬಿನಿಂದ ಒಂದು ಪಾಲು, ಹಿಮ್ಮಡಿಯಿಂದ ಎರಡು ಪಾಲು ದೂರದಲ್ಲಿಟ್ಟರೆ ಜಾಬಿಗೆ ಮೂರರಲ್ಲಿ ಎರಡು ಪಾಲು ಸಿಗುತ್ತದೆ. ಒಂದು ಪೈಸೆಯ ಖರ್ಚಿಲ್ಲ. ಆದರೂ ಹತ್ತು ಯಂತ್ರಗಳನ್ನು ಸುತ್ತಿ ನೋಡಿದರೆ ಅರ್ಧದಷ್ಟು ಕಡೆ ಬೋಲ್ಟು ಹಿಮ್ಮಡಿಗೆ ಅಂಟಿಕೊಂಡಿರುತ್ತದೆ, ಹಿಮ್ಮಡಿಯ ಬ್ಲಾಕು ಜಾಬಿಗಿಂತ ಗಿಡ್ಡವಾಗಿರುತ್ತದೆ, ಪಟ್ಟಿ ಹಿಂದಕ್ಕೆ ವಾಲಿ ಜಾಬಿನ ಅಂಚನ್ನು ಮಾತ್ರ ಕಚ್ಚಿರುತ್ತದೆ. ಹಿಮ್ಮಡಿ ಜಾಬಿನ ಮಟ್ಟಕ್ಕೆ, ಬೇಕಾದರೆ ಕೂದಲೆಳೆಯಷ್ಟು ಎತ್ತರಕ್ಕೆ ಇರಬೇಕು. ಇಷ್ಟನ್ನು ಸರಿಪಡಿಸದೆ 'ಬೋಲ್ಟು ಸಾಲದು, ದಪ್ಪದ್ದು ಹಾಕು' ಎನ್ನುತ್ತಾರೆ. 12 ಮಿಲಿಮೀಟರಿನ ಬೋಲ್ಟೊಂದನ್ನು 40 ನ್ಯೂಟನ್ ಮೀಟರಿನಷ್ಟು ತಿರುಗಿಸಿದರೆ, ಘರ್ಷಣೆಯ ಸಾಧಾರಣ ಲೆಕ್ಕದಂತೆ, ಅದು ಒಂದೂವರೆ ಟನ್ನಿಗೂ ಮಿಕ್ಕಿದ ಬಲದಿಂದ ಎಳೆಯುತ್ತದೆ. ಬಲದ ಕೊರತೆ ನಮ್ಮ ಶಾಪುಗಳಲ್ಲಿ ಎಂದೂ ಇರಲಿಲ್ಲ.

ಬೋಲ್ಟಿನ ದೋಷ ಬಲದ್ದಲ್ಲ, ವೇಳೆಯದು. ಜಪಾನಿನ ಶಿಗಿಯೊ ಶಿಂಗೊ ಯಂತ್ರಗಳ ಸೆಟ್ಟಿಂಗ್ ವೇಳೆಯನ್ನು ಕಡಿಮೆ ಮಾಡುವ ಬಗ್ಗೆ ಜೀವಮಾನವಿಡೀ ಚಿಂತಿಸಿದವರು. 1969ರಲ್ಲಿ ಟೊಯೋಟಾದ 1000 ಟನ್ನಿನ ಪ್ರೆಸ್ಸೊಂದರ ಸೆಟ್ಟಿಂಗನ್ನು ನಾಲ್ಕು ಗಂಟೆಯಿಂದ ಒಂದೂವರೆ ಗಂಟೆಗೆ, ಕಡೆಗೆ ಮೂರು ನಿಮಿಷಕ್ಕೆ ಇಳಿಸಿದ ಅವರ ಕೆಲಸ ಪ್ರಸಿದ್ಧವಾದದ್ದು. ಬೋಲ್ಟನ್ನು ಕುರಿತು ಅವರು ಹೇಳಿದ್ದು ಸರಳ: ಹದಿನೈದು ಸುತ್ತು ತಿರುಗಿಸಿದರೂ ಬಿಗಿಯುವುದು ಕೊನೆಯ ಒಂದೇ ಸುತ್ತು, ಸಡಿಲವಾಗುವುದು ಮೊದಲ ಒಂದೇ ಸುತ್ತು. ಉಳಿದದ್ದು ಬರಿಯ ತಿರುಗಾಟ. ಒಂದು ಬದಿ ಸೀಳಿದ ವಾಷರನ್ನು ಹಾಕಿ, ನಟ್ಟನ್ನು ಒಂದು ಸುತ್ತು ಸಡಿಲಿಸಿ, ವಾಷರನ್ನು ಪಕ್ಕಕ್ಕೆ ಎಳೆದು, ಜಾಬನ್ನು ನಟ್ಟಿನ ಮೇಲಿಂದಲೇ ಎತ್ತಿಕೊಳ್ಳುವ ಉಪಾಯವಿದೆ. ಜಾಬಿನ ತೂತು ನಟ್ಟಿಗಿಂತ ದೊಡ್ಡದಾಗಿದ್ದರೆ ಸಾಕು. ಜಾಬೊಂದಕ್ಕೆ 18 ಸೆಕೆಂಡು ಉಳಿಯಿತೆನ್ನಿ, ಪಾಳಿಗೆ 400 ಜಾಬುಗಳೆನ್ನಿ. ಎರಡು ಗಂಟೆ ಉಳಿಯಿತು. ಆ ಎರಡು ಗಂಟೆ ಯಾರ ಪಾಲಿಗೆ ಹೋಗುತ್ತದೆ ಎಂಬುದು ಬೇರೆಯೇ ಲೇಖನದ ವಸ್ತು.

ಟಾಗಲ್ ಕ್ಲ್ಯಾಂಪು ಈಗಿನ ಶಾಪುಗಳ ಮುದ್ದಿನ ಕೂಸು. ಹಿಡಿಕೆಯನ್ನು ಒತ್ತಿದೊಡನೆ ಅದರ ಕೀಲುಗಳು ನೇರವಾಗಿ, ನೇರದ ಗೆರೆಯನ್ನು ಕೂದಲೆಳೆಯಷ್ಟು ದಾಟಿ ಅಲ್ಲಿಯೇ ಕಚ್ಚಿಕೊಳ್ಳುತ್ತವೆ. ಜಾಬ್ ಮೇಲಕ್ಕೆ ತಳ್ಳಿದಷ್ಟೂ ಬೀಗ ಬಿಗಿಯಾಗುತ್ತದೆಯೇ ಹೊರತು ತೆರೆದುಕೊಳ್ಳುವುದಿಲ್ಲ. ಒಂದು ಸೆಕೆಂಡಿನ ಕೆಲಸ. ಆದರೆ ಕ್ಯಾಟಲಾಗಿನಲ್ಲಿ ಅದರ ಮುಂದೆ ಬರೆದಿರುವ ಸಂಖ್ಯೆಯನ್ನು ಓದುವಾಗ ಎಚ್ಚರ ಬೇಕು. 200 ಕಿಲೋ ಎಂದಿದ್ದರೆ ಅದು ಸಾಮಾನ್ಯವಾಗಿ ತಾಳಿಕೊಳ್ಳುವ ಶಕ್ತಿ. ಮುಚ್ಚಿದ ಸ್ಥಿತಿಯಲ್ಲಿ ಅಷ್ಟು ಬಲ ಬಂದರೂ ಕ್ಲ್ಯಾಂಪು ಬಾಗುವುದಿಲ್ಲ ಎಂದರ್ಥ. ಅಷ್ಟು ಬಲದಿಂದ ಅದು ಜಾಬನ್ನು ಒತ್ತುತ್ತದೆ ಎಂದರ್ಥವಲ್ಲ. ಒತ್ತುವ ಬಲ ಅದಕ್ಕಿಂತ ಬಹಳ ಕಡಿಮೆ. ಕೊಳ್ಳುವ ವಿಭಾಗದವರು ಈ ಎರಡನ್ನು ಒಂದೇ ಎಂದು ಓದುತ್ತಾರೆ. ಬಾಗಿಲಿನ ಅಗುಳಿ ಎಷ್ಟು ಗಟ್ಟಿ ಎಂಬುದು ಒಂದು, ಅದು ಬಾಗಿಲನ್ನು ಎಷ್ಟು ಒತ್ತುತ್ತದೆ ಎಂಬುದು ಇನ್ನೊಂದು.

ಟಾಗಲ್ಲಿಗೆ ಇನ್ನೊಂದು ಮಿತಿಯುಂಟು, ಅದು ಹೆಚ್ಚು ಮುಖ್ಯವಾದದ್ದು: ಜಾಬಿನ ದಪ್ಪ ಒಂದೇ ಸಮನಾಗಿರಬೇಕು. ತಗಡು, ಆಗಲೇ ಮಿಲ್ಲಿಂಗ್ ಆದ ಮುಖ, ಮರದ ಹಲಗೆ ಇವುಗಳಿಗೆ ಅದು ಹೇಳಿ ಮಾಡಿಸಿದ್ದು; ಬಡಗಿಗಳೂ ಬೆಸುಗೆಯವರೂ ಅದನ್ನು ಮೆಚ್ಚುವುದು ಸರಿಯಾಗಿಯೇ ಇದೆ. ಆದರೆ ಮರಳಿನಲ್ಲಿ ಎರಕ ಹೊಯ್ದ ಕಚ್ಚಾ ಜಾಬಿನಲ್ಲಿ ಒಂದು ಅರ್ಧ ಮಿಲಿಮೀಟರು ದಪ್ಪ, ಇನ್ನೊಂದು ಅರ್ಧ ಮಿಲಿಮೀಟರು ತೆಳು. ದಪ್ಪದ್ದು ಬಂದಾಗ ಹಿಡಿಕೆ ಮುಚ್ಚುವುದೇ ಇಲ್ಲ, ಅಂಗೈಯಿಂದ ಗುದ್ದಬೇಕು. ತೆಳುವಾದದ್ದು ಬಂದಾಗ ಸಲೀಸಾಗಿ ಮುಚ್ಚುತ್ತದೆ, ಒಳಗೆ ಜಾಬ್ ಹಿಡಿತವೇ ಇಲ್ಲದೆ ಕೂತಿರುತ್ತದೆ. ಮುಚ್ಚಿದ ಹಿಡಿಕೆ ನೋಡಿದವನಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ತುದಿಯ ರಬ್ಬರ್ ಟೋಪಿ ಈ ವ್ಯತ್ಯಾಸವನ್ನು ಸ್ವಲ್ಪ ನುಂಗುತ್ತದೆ, ಪೂರ್ತಿ ಅಲ್ಲ. ಕಚ್ಚಾ ಎರಕಕ್ಕೆ ತಿರುಪಿನ ಕ್ಲ್ಯಾಂಪೇ ಸರಿ. ಅಗ್ಗದ ಟಾಗಲ್ಲುಗಳ ಕೀಲಿನಲ್ಲಿ ಬುಶ್ ಇರುವುದಿಲ್ಲ, ಬರಿಯ ರಿವೆಟ್ಟು. ಕೆಲವೇ ದಿನಗಳಲ್ಲಿ ಸವೆದು ತೋಳು ಪಕ್ಕಕ್ಕೆ ಓಲಾಡುತ್ತದೆ. ಕೊಳ್ಳುವ ಮೊದಲು ತೋಳನ್ನು ಹಿಡಿದು ಪಕ್ಕಕ್ಕೆ ಅಲುಗಿಸಿ ನೋಡಿದರೆ ತಿಳಿದುಬಿಡುತ್ತದೆ.

ಕ್ಯಾಮ್ ಕ್ಲ್ಯಾಂಪು ಇನ್ನೂ ಬೇಗ ಮುಚ್ಚುತ್ತದೆ, ಆದರೆ ಅದು ನಿಂತಿರುವುದು ಬರಿಯ ಘರ್ಷಣೆಯ ಮೇಲೆ. ಹಗುರವಾದ ಡ್ರಿಲ್ಲಿಂಗಿಗೆ ಸಾಕು. ನಡುಕವಿರುವ ಮಿಲ್ಲಿಂಗಿನಲ್ಲಿ ಅದನ್ನು ನಂಬುವುದು ಸಲ್ಲದು. ಅಯಸ್ಕಾಂತದ ಮೇಜು ಗ್ರೈಂಡಿಂಗಿಗೆ ಚೆನ್ನ, ಅಲ್ಯುಮಿನಿಯಮ್ಮಿಗೂ ಹಿತ್ತಾಳೆಗೂ ಅದರ ಹಂಗಿಲ್ಲ.

'ಇದೆಲ್ಲ ಹಳೆಯ ಕಾಲದ ಚಿಂತೆ, ಈಗ ಹೈಡ್ರಾಲಿಕ್ ಬಂದಿದೆ, ಗುಂಡಿ ಒತ್ತಿದರೆ ಮುಗಿಯಿತು' ಎನ್ನುವವರಿಗೆ ನಮ್ಮ ಉತ್ತರ ಅರ್ಧ ಒಪ್ಪಿಗೆಯದು. ಹೈಡ್ರಾಲಿಕ್ ಕ್ಲ್ಯಾಂಪು ಪ್ರತಿಸಲವೂ ಅಷ್ಟೇ ಬಲದಿಂದ ಹಿಡಿಯುತ್ತದೆ, ಸಂಜೆಯ ಹೊತ್ತಿಗೆ ದಣಿಯುವುದಿಲ್ಲ, ನಾಲ್ಕು ಕಡೆ ಒಟ್ಟಿಗೆ ಒತ್ತುತ್ತದೆ. ದೊಡ್ಡ ಕಾರ್ಖಾನೆಗೆ, ತಿಂಗಳಿಗೆ ಸಾವಿರಾರು ಜಾಬುಗಳಿಗೆ ಅದೇ ಸರಿ. ಆದರೆ 50ರ ಲೆಕ್ಕದಲ್ಲಿ ಜಾಬ್ ಬದಲಾಗುವ ಸಣ್ಣ ಶಾಪಿಗೆ ಆ ಬಂಡವಾಳ ಮರಳಿ ಬರುವುದಿಲ್ಲ. ಹಾಕಿದವರೂ ಎರಡು ಸಂಗತಿಗಳಲ್ಲಿ ಜಿಪುಣತನ ತೋರಬಾರದು. ಕೊಳವೆ ಸೋರಿದರೂ ವಿದ್ಯುತ್ತು ಹೋದರೂ ಒತ್ತಡ ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟವಿರಬೇಕು. ಒತ್ತಡ ಸಾಲದಿದ್ದರೆ ಯಂತ್ರ ಶುರುವಾಗದಂತೆ ತಡೆಯುವ ಸ್ವಿಚ್ಚಿರಬೇಕು. ಖರ್ಚು ಉಳಿಸಲು ಮೊದಲು ಕೈಬಿಡುವುದು ಇವೆರಡನ್ನೇ. ಗಾಳಿಯಿಂದ ನಡೆಯುವ ಕ್ಲ್ಯಾಂಪಾದರೆ, ಟಾಗಲ್ಲಿನ ಕೀಲುಗಳನ್ನು ಗಾಳಿಯ ಸಿಲಿಂಡರಿಗೆ ಜೋಡಿಸಿದ ಬಗೆಯನ್ನು ಆರಿಸುವುದು ಲೇಸು. ಗಾಳಿ ನಿಂತರೂ ಕೀಲು ಬಿಡುವುದಿಲ್ಲ. ಮತ್ತೆ, ಗುಂಡಿ ಒತ್ತಿದ ಕ್ಷಣ ಕ್ಲ್ಯಾಂಪು ಇಳಿಯುವಾಗ ಜಾಬಿನ ಮೇಲೆ ಬೆರಳಿದ್ದರೆ ಅದಕ್ಕೆ ಬೆರಳೂ ಜಾಬೇ. ಜಾಬಿಗೂ ಕ್ಲ್ಯಾಂಪಿಗೂ ನಡುವಣ ತೆರಪು ಬೆರಳು ತೂರದಷ್ಟು ಕಿರಿದಾಗಿರಬೇಕು, ಇಲ್ಲವೇ ಎರಡು ಕೈಗಳಿಂದಲೂ ಒತ್ತಬೇಕಾದ ಎರಡು ಗುಂಡಿಗಳಿರಬೇಕು.

ಬೆರಳಿನ ಮಾತು ಬಂದದ್ದರಿಂದ ಡ್ರಿಲ್ಲಿನ ಬಗ್ಗೆ ಹೇಳಲೇಬೇಕು. ಸಣ್ಣ ಶಾಪುಗಳಲ್ಲಿ ಕ್ಲ್ಯಾಂಪೇ ಬೇಡ ಎನ್ನುವ ಉಡಾಫೆ ಹೆಚ್ಚಾಗಿ ಕಾಣುವುದು ಇಲ್ಲಿಯೇ. ಡ್ರಿಲ್ಲು ಕೆಳಕ್ಕೆ ಒತ್ತುತ್ತದೆ, ಜಾಬನ್ನು ತಳಕ್ಕೆ ತಾನೇ ಅದುಮುತ್ತದೆ, ಆದ್ದರಿಂದ ಎಡಗೈಯಲ್ಲಿ ಹಿಡಿದರೆ ಸಾಕು ಎಂಬ ತರ್ಕ. ತೂತಿನ ಬಹುಭಾಗ ಈ ತರ್ಕ ನಿಜವೂ ಹೌದು. ಸುಳ್ಳಾಗುವುದು ಕೊನೆಯ ಕ್ಷಣದಲ್ಲಿ. ಡ್ರಿಲ್ಲಿನ ಮೊನೆ ತಳವನ್ನು ಭೇದಿಸಿ ಹೊರಬರುವಾಗ ಎದುರು ಒತ್ತಡ ಥಟ್ಟನೆ ಇಲ್ಲವಾಗುತ್ತದೆ. ಅಂಚಿನಲ್ಲಿ ಉಳಿದ ತೆಳು ಲೋಹವನ್ನು ಡ್ರಿಲ್ಲಿನ ಸುರುಳಿ ತಿರುಪಿನಂತೆ ಕಚ್ಚಿಕೊಂಡು ಜಾಬನ್ನು ಮೇಲಕ್ಕೆ ಎಳೆದು ಗಿರ್ರನೆ ತಿರುಗಿಸುತ್ತದೆ. ತಗಡಾಗಿದ್ದರೆ ಅದು ತಿರುಗುವ ಕತ್ತಿ. ಡ್ರಿಲ್ ಜಿಗ್ಗಿನ ಕ್ಲ್ಯಾಂಪನ್ನು ಆರಿಸಬೇಕಾದದ್ದು ಈ ಒಂದು ಕ್ಷಣಕ್ಕಾಗಿ, ಕೆಳಕ್ಕೊತ್ತುವ ಬಲಕ್ಕಾಗಿ ಅಲ್ಲ. ತಿರುಗದಂತೆ ಪಕ್ಕದಲ್ಲೊಂದು ಸ್ಟಾಪರು, ಏಳದಂತೆ ಮೇಲೊಂದು ಸಾಧಾರಣ ಕ್ಲ್ಯಾಂಪು ಇದ್ದರೆ ಕೆಲಸ ಆಯಿತು. 1948ರ ಕಾರ್ಖಾನೆ ಕಾಯಿದೆ ಯಂತ್ರದ ಅಪಾಯಕರ ಭಾಗಗಳಿಗೆ ಬೇಲಿ ಇರಬೇಕೆನ್ನುತ್ತಿತ್ತು, ತಪಾಸಣೆಗೆ ಬಂದವರು ಬೆಲ್ಟಿನ ಜಾಲರಿಯನ್ನು ನೋಡಿ ಹೋಗುತ್ತಾರೆ. ಜಾಬನ್ನು ಹಿಡಿದ ಎಡಗೈ ಯಾರ ಕಣ್ಣಿಗೂ ಬೀಳುವುದಿಲ್ಲ.

ಯಾವ ಶಾಪಿನಲ್ಲಿ ಕ್ಲ್ಯಾಂಪಿನ ಆಯ್ಕೆ ಕೆಟ್ಟಿದೆ ಎಂದು ತಿಳಿಯಲು ನಕ್ಷೆಗಳನ್ನು ನೋಡಬೇಕಾಗಿಲ್ಲ. ಯಂತ್ರದ ಪಕ್ಕದಲ್ಲಿ ಒಂದು ತುಂಡು ಪೈಪು ಒರಗಿದ್ದರೆ, ಅದನ್ನು ಪಾನಾದ ಹಿಡಿಕೆಗೆ ಸಿಕ್ಕಿಸಿ ಉದ್ದ ಮಾಡಿ ಬಿಗಿಯುತ್ತಿದ್ದಾರೆ ಎಂದರ್ಥ. ಕ್ಯಾಮಿನ ಹಿಡಿಕೆಯ ಮೇಲೆ ಸುತ್ತಿಗೆಯ ಗುರುತುಗಳಿದ್ದರೆ ಅದೂ ಅದೇ ಮಾತು. ಹುಡುಗನ ಬೆರಳ ಗೆಣ್ಣುಗಳು ತರಚಿದ್ದರೆ ಹಿಡಿಕೆಗೂ ಗೋಡೆಗೂ ನಡುವೆ ಜಾಗ ಬಿಟ್ಟಿಲ್ಲ. ಮೇಲ್ವಿಚಾರಕರು ಇವನ್ನೆಲ್ಲ ಕಂಡಾಗ ಬೈಯುವುದು ಕೆಲಸದವನನ್ನು. 'ಒರಟ, ಸಾಮಾನು ಹಾಳು ಮಾಡುತ್ತಾನೆ' ಎಂದು. ನಮಗೆ ಕಾಣುವುದು ಬೇರೆ. ಆ ಪೈಪು ಒಂದು ಅರ್ಜಿ. ನಕ್ಷೆಯ ಮೇಜಿಗೆ ತಲುಪುವ ಬೇರೆ ದಾರಿಯಿಲ್ಲದೆ, ಮರಾಠಿಯಲ್ಲೋ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ವಾದಿಸಲಾಗದೆ, ಕನ್ನಡದ ಹುಡುಗನೊಬ್ಬ ಕಬ್ಬಿಣದಲ್ಲಿ ಬರೆದ ಅರ್ಜಿ.

ಒಂದೇ ಬಗೆಯ ಕ್ಲ್ಯಾಂಪನ್ನು ಎಲ್ಲ ಜಿಗ್ಗುಗಳಿಗೂ ಹಾಕಿದರೆ ಗೋದಾಮಿನ ಲೆಕ್ಕ ಸುಲಭ, ಬಿಡಿಭಾಗ ಸುಲಭ ಎಂಬ ವ್ಯವಸ್ಥಾಪಕರ ವಾದದಲ್ಲಿ ಹುರುಳಿಲ್ಲ ಎಂದು ನಾವು ಹೇಳುವುದಿಲ್ಲ. ಬೋಲ್ಟಿನ ಅಳತೆ ಒಂದೇ ಇರಲಿ, ಪಾನಾ ಒಂದೇ ಇರಲಿ. ಅದರಿಂದ ಕೆಲಸದವನಿಗೂ ಲಾಭವೇ. ಆದರೆ ತಗಡಿಗೂ ಎರಕಕ್ಕೂ, ಡ್ರಿಲ್ಲಿಗೂ ಮಿಲ್ಲಿಂಗಿಗೂ ಒಂದೇ ಕ್ಲ್ಯಾಂಪು ಎನ್ನುವುದು ಮನೆಮಂದಿಗೆಲ್ಲ ಒಂದೇ ಅಳತೆಯ ಚಪ್ಪಲಿ ತಂದಂತೆ.

ಹಾಗಾದರೆ ಏನು ಮಾಡಬೇಕೆಂದು ಕೇಳಿದರೆ, ನಾವು ಕೇಳುವುದು ದೊಡ್ಡದೇನಲ್ಲ. ಹೊಸ ಜಿಗ್ಗನ್ನು ಒಪ್ಪಿಕೊಳ್ಳುವ ಮೊದಲು ಒಂದು ಪೂರ್ತಿ ಪಾಳಿ ಅದನ್ನು ನಡೆಸುವವನ ಕೈಗೆ ಕೊಡಬೇಕು. ಐದು ಮಾದರಿ ಜಾಬುಗಳನ್ನು ಇಂಜಿನಿಯರು ತಾನೇ ಹಾಕಿ ತೆಗೆದು ಸಹಿ ಮಾಡುವುದು ಪರೀಕ್ಷೆಯಲ್ಲ. ಐದನೆಯ ಜಾಬಿನಲ್ಲಿ ನೋಯದ ಮಣಿಕಟ್ಟು ಮುನ್ನೂರನೆಯದರಲ್ಲಿ ನೋಯುತ್ತದೆ. ಎಡಗೈಯವನೊಬ್ಬನಿದ್ದರೆ ಅವನಿಗೂ ಕೊಡಬೇಕು. ಚೂರುಗಳು ಎಲ್ಲಿ ತುಂಬಿಕೊಳ್ಳುತ್ತವೆ, ಹಿಡಿಕೆ ತೆರೆದಾಗ ಯಾವ ಕಡೆ ಬೀಳುತ್ತದೆ, ಜಾಬನ್ನು ತಲೆಕೆಳಗಾಗಿ ಇಟ್ಟರೂ ಕ್ಲ್ಯಾಂಪು ಮುಚ್ಚುತ್ತದೆಯೇ ಎಂಬುದನ್ನು ಪಾಳಿ ಮುಗಿದಮೇಲೆ ಅವನನ್ನೇ, ಅವನ ಭಾಷೆಯಲ್ಲಿಯೇ ಕೇಳಿ ಬರೆದುಕೊಳ್ಳಬೇಕು. ಅಲ್ಲಿಯವರೆಗೆ ಕ್ಲ್ಯಾಂಪನ್ನು ತಳಕ್ಕೆ ಬೆಸುಗೆ ಹಾಕದೆ ಎರಡು ಬೋಲ್ಟುಗಳಲ್ಲಿ ನಿಲ್ಲಿಸಿರಲಿ, ಬೋಲ್ಟಿನ ತೂತುಗಳು ಒಂದಿಷ್ಟು ಉದ್ದನೆಯವಾಗಿರಲಿ. ಅವನು ಹೇಳಿದ ಕಡೆಗೆ ಸರಿಸಿಕೊಳ್ಳಬಹುದು.